ಒಂದು ಇಂಗ್ಲಿಷ್ ಕ್ರಿಯಾಪದ ಮತ್ತು ಅದರ ಒಡನಾಡಿಗಳು

ನಮ್ಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪ್ರಬಂಧವನ್ನು ಬರೆಯುವ ವಿದ್ಯಾರ್ಥಿಯು ‘ಗೆಟ್’ ಎಂಬ ಕ್ರಿಯಾಪದವನ್ನು ಉಪಯೋಗಿಸಿದನೆಂದರೆ, ಆ ಪದದ ಕೆಳಗೆ ಕೆಂಪು ಶಾಯಿಯ ಗೆರೆಯೊಂದು ಬಿದ್ದು, ಅದರ ನೆತ್ತಿಯ ಮೇಲೆ ‘ಬಿಕಮ್’ ಎಂದೋ ‘ರಿಸೀವ್’ ಎಂದೋ ‘ಅಬ್ಟೇನ್’ ಎಂದೋ ತಿದ್ದುಪಾಟು ಕಾಣಿಸಿಕೊಳ್ಳುವುದು ಬಹುಕಾಲದ ರೂಢಿ. ಆ ಪದವು ಗ್ರಾಮ್ಯವೆಂದೂ, ಆಲಸ್ಯದ ಕುರುಹೆಂದೂ, ಪ್ರೌಢವಾದ ಬರವಣಿಗೆಗೆ ಸಲ್ಲದುದೆಂದೂ ನಂಬಿದ ಉಪಾಧ್ಯಾಯರ ಪರಂಪರೆಯು ಇಂಗ್ಲೆಂಡಿನಲ್ಲಿಯೇ ಮೊದಲು ಬೆಳೆದು, ಶಾಲಾ ವ್ಯಾಕರಣಗಳ ಬೆನ್ನು ಹತ್ತಿ ನಮ್ಮಲ್ಲಿಗೂ ಬಂದಿತು. ತಿದ್ದುವವರ ಸದುದ್ದೇಶದಲ್ಲಿ ಸಂಶಯಪಡಲು ಕಾರಣವಿಲ್ಲ. ಆದರೆ ಇಂಗ್ಲಿಷನ್ನು ಮಾತೃಭಾಷೆಯಾಗಿ ಆಡುವವರು ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೂ ಯಾವ ಪದವನ್ನು ಬಿಟ್ಟು ಒಂದು ಹೊತ್ತನ್ನೂ ಕಳೆಯಲಾರರೋ, ಅದೇ ಪದವನ್ನು ನಮ್ಮ ಮಕ್ಕಳಿಂದ ದೂರವಿರಿಸಿದರೆ, ಅವರು ಕಲಿತ ಭಾಷೆಯು ಪುಸ್ತಕದಲ್ಲಿ ನಿರ್ದುಷ್ಟವಾಗಿದ್ದರೂ ಮಾತಿನಲ್ಲಿ ಬಿಗಿದುಕೊಂಡೇ ಇರುವುದು ಅನಿವಾರ್ಯ. ಆದುದರಿಂದ ಈ ಚಿಕ್ಕ ಪದವು ಗುಣವಾಚಕಗಳೊಡನೆ ಹೇಗೆ ಕೂಡುತ್ತದೆ, ನಾಮಪದಗಳೊಡನೆ ಹೇಗೆ ಕೂಡುತ್ತದೆ, ಕೂಡಿದಾಗ ಅದರ ಅರ್ಥವು ಹೇಗೆ ಮಾರ್ಪಡುತ್ತದೆ ಎಂಬುದನ್ನು ಸಾವಧಾನವಾಗಿ ವಿಚಾರಿಸಿ ನೋಡುವುದು ಯೋಗ್ಯವೆಂದು ತೋರುತ್ತದೆ.

ಇಂಗ್ಲಿಷಿನ ಜೀವನಾಡಿಯೆಂಬಂತೆ ಇಂದು ತೋರುವ ಈ ಪದವು ವಾಸ್ತವದಲ್ಲಿ ಹೊರಗಿನಿಂದ ಬಂದುದು. 9ನೆಯ ಶತಮಾನದಿಂದ ಮೊದಲ್ಗೊಂಡು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕಾಂಡಿನೇವಿಯದ ಜನರ ನಾರ್ಸ್ ಭಾಷೆಯಲ್ಲಿ ‘ಗೆತ’ ಎಂಬ ಧಾತುವಿದ್ದಿತು. ಪಡೆಯುವುದು, ಕೈವಶ ಮಾಡಿಕೊಳ್ಳುವುದು ಎಂಬುದು ಅದರ ಅರ್ಥ. ಹಳೆಯ ಇಂಗ್ಲಿಷಿನಲ್ಲಿಯೂ ಅದಕ್ಕೆ ಸೋದರ ಧಾತುವೊಂದು ಇದ್ದಿತಾದರೂ ಅದು ಸ್ವತಂತ್ರವಾಗಿ ನಿಲ್ಲದೆ ಉಪಸರ್ಗಗಳೊಡನೆ ಮಾತ್ರ ಬರುತ್ತಿದ್ದಿತು; ಇಂದಿನ ‘ಬಿಗೆಟ್’, ‘ಫರ್ಗೆಟ್’ ಎಂಬ ಪದಗಳು ಅದರ ಸಂತತಿ. ಹಿಡಿತದಿಂದ ಜಾರಿಹೋಗುವುದೇ ಮರೆವು ಎಂಬ ಭಾವನೆ ‘ಫರ್ಗೆಟ್’ ಎಂಬುದರ ಒಡಲಿನಲ್ಲಿದೆ. ನಾರ್ಸ್ ಜನರು ‘ಗೆಟ್’ ಒಂದನ್ನೇ ಅಲ್ಲದೆ ‘ಟೇಕ್’ ಎಂಬ ಇನ್ನೊಂದು ನಿತ್ಯೋಪಯೋಗಿ ಕ್ರಿಯಾಪದವನ್ನೂ, ಬಹುವಚನದ ‘ದೇ’, ‘ದೆಮ್’ ಎಂಬ ಸರ್ವನಾಮಗಳನ್ನೂ ಇಂಗ್ಲಿಷಿಗೆ ಕೊಟ್ಟರು. ಗೆದ್ದವರು ಸೋತವರ ಮೇಲೆ ಹೇರಿದ ಆಸ್ಥಾನದ ಪದಗಳಲ್ಲ ಇವು. ಒಂದೇ ಊರಿನಲ್ಲಿ ಬಾಳಿ, ಪರಸ್ಪರ ವಿವಾಹ ಸಂಬಂಧ ಬೆಳೆಸಿ, ಕೊಟ್ಟು ತೆಗೆದುಕೊಂಡ ಜನರ ಅಂಗಳದ ಪದಗಳು.

ಮತ್ತೂ ಹಿಂದಕ್ಕೆ ಹೋದರೆ ಈ ಧಾತುವು ಲ್ಯಾಟಿನ್ ಭಾಷೆಯಲ್ಲಿ ಹಿಡಿಯುವುದು ಎಂಬರ್ಥದ ‘ಪ್ರೆಹೆಂಡೆರೆ’ ಎಂಬುದಕ್ಕೆ ದಾಯಾದಿಯಾಗಿ ಕಂಡುಬರುತ್ತದೆ. ಅದರಿಂದ ಹುಟ್ಟಿದ ‘ಕಾಂಪ್ರಿಹೆಂಡ್’ ಎಂಬ ಘನವಾದ ಪದಕ್ಕೂ, ಆಂಗ್ಲರು ಸರಸವಾಗಿ ಆಡುವ ‘ಐ ಗೆಟ್ ಇಟ್’ ಎಂಬ ಸಾಮಾನ್ಯ ಮಾತಿಗೂ ಅರ್ಥ ಒಂದೇ: ತಿಳಿಯಿತು. ನಮ್ಮ ‘ಗ್ರಹಿಸು’ ಎಂಬುದರ ಮೂಲ ಬೇರೆಯಾದರೂ ಅದೂ ಕೈಯಿಂದ ಹಿಡಿಯುವ ಕ್ರಿಯೆಯಿಂದಲೇ ಹೊರಟು ಮನಸ್ಸಿನಿಂದ ಹಿಡಿಯುವ ಕ್ರಿಯೆಗೆ ಬಂದು ನಿಂತಿದೆ. ಪಂಡಿತ ಪದವೆಂದೂ ಪಾಮರ ಪದವೆಂದೂ ನಾವು ದೂರದೂರ ಕುಳ್ಳಿರಿಸಿದವುಗಳು ಹೀಗೆ ಒಂದೇ ಮನೆತನದವಾಗಿರುವುದನ್ನು ಕಂಡಾಗ, ‘ಗೆಟ್’ ಎಂಬುದರ ಮೇಲಿನ ತಿರಸ್ಕಾರಕ್ಕೆ ಆಧಾರವು ಅಷ್ಟೇನೂ ಬಲವಾದುದಲ್ಲವೆಂದು ಸ್ಪಷ್ಟವಾಗುತ್ತದೆ.

ಈಗ ನಾಮಪದಗಳ ಸಂಗತಿಯನ್ನು ನೋಡೋಣ. ‘ಗೆಟ್ ಎ ಲೆಟರ್’ ಎಂದರೆ ಪತ್ರವು ತಾನಾಗಿ ಕೈಸೇರಿತು. ಪಡೆದವನ ಪ್ರಯತ್ನ ಅದರಲ್ಲಿ ಏನೂ ಇಲ್ಲ. ‘ಗೆಟ್ ಎ ಜಾಬ್’ ಎಂದರೆ ಉದ್ಯೋಗವನ್ನು ಪ್ರಯತ್ನಪಟ್ಟು ಸಂಪಾದಿಸಿದನು. ‘ಗೆಟ್ ಸಮ್ ವಾಟರ್’ ಎಂದರೆ ಎದ್ದು ಹೋಗಿ ನೀರು ತಂದನು. ‘ಗೆಟ್ ದ ಟ್ರೈನ್’ ಎಂದರೆ ಹೊತ್ತಿಗೆ ಸರಿಯಾಗಿ ರೈಲನ್ನು ಹಿಡಿದನು. ‘ಗೆಟ್ ದ ಜೋಕ್’ ಎಂದರೆ ಹಾಸ್ಯವು ಅರ್ಥವಾಯಿತು. ‘ಗೆಟ್ ಎ ಶಾಕ್’ ಎಂದರೆ ಆಘಾತವನ್ನು ಅನುಭವಿಸಿದನು. ಕರ್ತೃವು ಒಮ್ಮೆ ಸಾಹಸಿ, ಒಮ್ಮೆ ನಿಷ್ಕ್ರಿಯ, ಒಮ್ಮೆ ಭಾಗ್ಯವಂತ, ಒಮ್ಮೆ ಪೀಡಿತ. ಆದರೆ ಕ್ರಿಯಾಪದವು ಬದಲಾಗಿಲ್ಲ. ಬದಲಾಗಿರುವುದು ಪಕ್ಕದ ನಾಮಪದ ಮಾತ್ರ. ಹೀಗಿರುವಲ್ಲಿ ‘ಗೆಟ್’ ಎಂದರೆ ‘ಪಡೆ’ ಎಂದು ಪಟ್ಟಿಯಲ್ಲಿ ಬರೆಯಿಸಿ ಬಾಯಿಪಾಠ ಮಾಡಿಸಿದರೆ, ವಿದ್ಯಾರ್ಥಿಯ ಕೈಗೆ ಸಿಗುವುದು ಅರ್ಥದ ಒಂದು ಚೂರು ಅಷ್ಟೆ.

ಭಾರತದ ಶಾಸ್ತ್ರಕಾರರಿಗೆ ಈ ಪ್ರಶ್ನೆ ಹೊಸದಲ್ಲ. ಪದಗಳು ಮೊದಲು ತಮ್ಮ ತಮ್ಮ ಅರ್ಥಗಳನ್ನು ಬೇರೆಬೇರೆಯಾಗಿ ಹೇಳಿ, ಅನಂತರ ಆ ಅರ್ಥಗಳು ಕೂಡಿ ವಾಕ್ಯಾರ್ಥವಾಗುವುದೆಂದು ಮೀಮಾಂಸಕರಲ್ಲಿ ಕುಮಾರಿಲಭಟ್ಟನ ಪಕ್ಷದವರು ವಾದಿಸಿದರು, ಇದು ಅಭಿಹಿತಾನ್ವಯವಾದ. ಪದವು ಇತರ ಪದಗಳೊಡನೆ ಸಂಬಂಧಿಸಿದ ಅರ್ಥವನ್ನೇ ಹೇಳುತ್ತದೆ, ಸಂಬಂಧವನ್ನು ತೊರೆದ ಬಿಡಿ ಅರ್ಥವನ್ನಲ್ಲ ಎಂದು ಪ್ರಭಾಕರನ ಪಕ್ಷದವರು ಉತ್ತರಿಸಿದರು, ಇದು ಅನ್ವಿತಾಭಿಧಾನವಾದ. ಹಿರಿಯನೊಬ್ಬನು ‘ಗಾಮಾನಯ’ ಎನ್ನಲು ಕಿರಿಯನು ಹಸುವನ್ನು ತರುವುದನ್ನೂ, ‘ಅಶ್ವಮಾನಯ’ ಎನ್ನಲು ಕುದುರೆಯನ್ನು ತರುವುದನ್ನೂ ನೋಡುತ್ತ ನಿಂತ ಮಗುವು, ಇಡೀ ವಾಕ್ಯಗಳ ವ್ಯವಹಾರದಿಂದಲೇ ಪದಗಳ ಶಕ್ತಿಯನ್ನು ಅರಿಯುತ್ತದೆ ಎಂಬುದು ಅವರು ಕೊಡುತ್ತಿದ್ದ ದೃಷ್ಟಾಂತ. ಸಂಸ್ಕೃತದ ವಾಕ್ಯಗಳಿಗೆ ಈ ಎರಡು ಪಕ್ಷಗಳಲ್ಲಿ ಯಾವುದು ಸಾಧುವೆಂಬುದನ್ನು ತೀರ್ಮಾನಿಸುವ ಅರ್ಹತೆ ಈ ಲೇಖಕನಿಗಿಲ್ಲ. ಆದರೆ ಇಂಗ್ಲಿಷಿನ ‘ಗೆಟ್’ ಎಂಬ ಪದದ ವಿಷಯದಲ್ಲಿ ಪ್ರಭಾಕರನೇ ಗೆದ್ದನೆಂದು ಧೈರ್ಯವಾಗಿ ಹೇಳಬಹುದು.

ಇದೇ ಪದವು ಗುಣವಾಚಕದೊಡನೆ ಕೂಡಿದಾಗ, ಪಡೆಯುವ ಅರ್ಥವು ಹಿಂದೆ ಸರಿದು, ಆಗುವ ಅರ್ಥವು ಮುಂದೆ ಬರುತ್ತದೆ. ‘ಗೆಟ್ ವೆಟ್’ ಎಂದರೆ ಒದ್ದೆಯಾಗು, ‘ಗೆಟ್ ಓಲ್ಡ್’ ಎಂದರೆ ಮುದಿಯಾಗು, ‘ಗೆಟ್ ರೆಡಿ’ ಎಂದರೆ ಸಿದ್ಧನಾಗು. ಒಂದು ವಸ್ತುವನ್ನು ಕೈಗೆ ತಂದುಕೊಳ್ಳುವುದಕ್ಕೆ ಬದಲಾಗಿ ತಾನೇ ಒಂದು ಸ್ಥಿತಿಗೆ ಬಂದು ಸೇರುವುದೆಂದು ಭಾವಿಸಿದರೆ ಈ ಪರಿವರ್ತನೆಯ ಮಾರ್ಗವು ಗೋಚರವಾಗುತ್ತದೆ. ನಾಮಪದಕ್ಕೂ ಗುಣವಾಚಕಕ್ಕೂ ಇರುವ ಅಂತರವನ್ನು ಇಂಗ್ಲಿಷಿನವರು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುವರೆಂಬುದಕ್ಕೆ ‘ಕೋಲ್ಡ್’ ಎಂಬ ಒಂದೇ ಪದ ಸಾಕು. ಅದನ್ನು ಗುಣವಾಚಕವಾಗಿ ಇರಿಸಿ ‘ಗೆಟ್ ಕೋಲ್ಡ್’ ಎಂದರೆ ತಣ್ಣಗಾಗುವುದು. ನಡುವೆ ‘ಎ’ ಎಂಬ ಏಕಾಕ್ಷರವನ್ನು ಸೇರಿಸಿ ‘ಗೆಟ್ ಎ ಕೋಲ್ಡ್’ ಎಂದೊಡನೆ ಅದು ನಾಮಪದವಾಗಿ, ನೆಗಡಿ ಹತ್ತಿಕೊಳ್ಳುತ್ತದೆ. ಲೋಟದಲ್ಲಿಟ್ಟ ಕಾಫಿಗೆ ಮೊದಲನೆಯದು ಆಗಬಹುದೇ ಹೊರತು ಎರಡನೆಯದು ಆಗುವಂತಿಲ್ಲ.

ಕನ್ನಡಿಗನು ಎಡವುವ ಮೊದಲನೆಯ ಸ್ಥಳವು ಇದೇ. ನಮ್ಮ ‘ಆಗು’ ಎಂಬ ಧಾತುವು ಎರಡು ಬಗೆಯ ಪದಗಳನ್ನೂ ಸಮಾನವಾಗಿ ಆದರಿಸುತ್ತದೆ: ‘ನೀರು ಬಿಸಿಯಾಯಿತು’ ಎನ್ನುತ್ತೇವೆ, ‘ಹುಡುಗ ಡಾಕ್ಟರಾದ’ ಎಂದೂ ಎನ್ನುತ್ತೇವೆ. ಮೊದಲನೆಯದಕ್ಕೆ ‘ಗೆಟ್’ ಸಲ್ಲುವುದೆಂದು ಕಲಿತ ವಿದ್ಯಾರ್ಥಿಯು ಎರಡನೆಯದಕ್ಕೂ ಅದನ್ನೇ ಹಚ್ಚಿ ‘ಹೀ ಗಾಟ್ ಎ ಡಾಕ್ಟರ್’ ಎಂದು ಬರೆದರೆ, ಅವನು ವೈದ್ಯನಾದನೆಂಬ ಅರ್ಥ ಹೊರಡದೆ, ವೈದ್ಯನನ್ನು ಕರೆದುತಂದನೆಂಬ ಅರ್ಥ ಹೊರಡುತ್ತದೆ. ಏಕೆಂದರೆ ನಾಮಪದದ ಎದುರಿನಲ್ಲಿ ‘ಗೆಟ್’ ಎಂದಿಗೂ ‘ಆಗು’ ಎಂಬರ್ಥವನ್ನು ತಾಳುವುದಿಲ್ಲ; ಆ ಅಧಿಕಾರವು ‘ಬಿಕಮ್’ ಎಂಬುದಕ್ಕೆ ಮೀಸಲು. ‘ಬಿಕಮ್’ ಹೆಚ್ಚು ಶಿಷ್ಟವಾದ ‘ಗೆಟ್’ ಎಂದು ತಿದ್ದುವವರು ಭಾವಿಸಿದ್ದಾರೆ. ಅವೆರಡೂ ಹೊಲದ ಒಂದು ಬದುವಿನಲ್ಲಿ ಮಾತ್ರ ಸೇರುವ ನೆರೆಯವರು. ಒಂದರ ಮನೆಯಲ್ಲಿ ಇನ್ನೊಂದನ್ನು ಕುಳ್ಳಿರಿಸಲು ಬರುವುದಿಲ್ಲ.

ಗುಣವಾಚಕಗಳೂ ಎಲ್ಲವೂ ‘ಗೆಟ್’ ಎಂಬುದನ್ನು ಒಪ್ಪುವುದಿಲ್ಲವೆಂಬುದು ಈ ವಿಷಯದ ಅತ್ಯಂತ ರಸವತ್ತಾದ ಭಾಗ. ಬಿಸಿ, ತಂಪು, ಕೊಳೆ, ಆಯಾಸ, ಕೋಪ, ಕತ್ತಲೆ ಮೊದಲಾದ, ಬಂದು ಹೋಗುವ ಸ್ಥಿತಿಗಳನ್ನು ಹೇಳುವ ಪದಗಳು ಅದರೊಡನೆ ಸಲೀಸಾಗಿ ಕೂಡುತ್ತವೆ. ಆದರೆ ಕಣ್ಣು ಕಾಣದಾದವನನ್ನು ಕುರಿತು ‘ಗಾಟ್ ಬ್ಲೈಂಡ್’ ಎಂದು ಯಾವ ಆಂಗ್ಲನೂ ಹೇಳುವುದಿಲ್ಲ. ‘ವೆಂಟ್ ಬ್ಲೈಂಡ್’ ಎನ್ನುತ್ತಾನೆ, ಅಂದರೆ ‘ಹೋಗು’ ಎಂಬರ್ಥದ ‘ಗೋ’ ಎಂಬ ಕ್ರಿಯಾಪದವನ್ನು ತರುತ್ತಾನೆ. ಕಿವುಡಾಗುವುದು, ಹುಚ್ಚು ಹಿಡಿಯುವುದು, ತಲೆ ಬೋಳಾಗುವುದು, ಹಾಲು ಹುಳಿಯುವುದು, ಹಣ್ಣು ಕೊಳೆಯುವುದು, ವ್ಯಾಪಾರಿ ದಿವಾಳಿಯಾಗುವುದು, ಇವೆಲ್ಲವೂ ‘ಗೋ’ ಎಂಬುದರ ಪಾಲು. ಇದಕ್ಕೆ ಎದುರಾಗಿ ಕನಸು ನನಸಾಗುವುದನ್ನೂ ಕೆಟ್ಟುದು ಸರಿಹೋಗುವುದನ್ನೂ ಹೇಳುವಾಗ ‘ಬರು’ ಎಂಬರ್ಥದ ‘ಕಮ್’ ಎಂಬುದು ಮುಂದಾಗಿ ‘ಕಮ್ ಟ್ರೂ’, ‘ಕಮ್ ರೈಟ್’ ಎಂಬ ಪ್ರಯೋಗಗಳು ಹುಟ್ಟುತ್ತವೆ. ಈವ್ ಕ್ಲಾರ್ಕ್ ಎಂಬ ಭಾಷಾಶಾಸ್ತ್ರಜ್ಞೆ 1974ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದರ ಗುಟ್ಟನ್ನು ವಿವರಿಸಿದರು: ಮಾತನಾಡುವವನು ತಾನು ಸಹಜವೆಂದೂ ಇಷ್ಟವೆಂದೂ ಭಾವಿಸಿದ ನೆಲೆಯಲ್ಲಿ ನಿಂತು ನೋಡುತ್ತಾನೆ, ಆ ನೆಲೆಯಿಂದ ದೂರ ಸರಿದುದಕ್ಕೆ ‘ಗೋ’, ಆ ನೆಲೆಗೆ ಬಂದು ಸೇರಿದುದಕ್ಕೆ ‘ಕಮ್’.

ಈ ವಿವರಣೆಯನ್ನು ಓದಿದ ಕನ್ನಡಿಗನಿಗೆ ವಿಸ್ಮಯಕ್ಕಿಂತ ಪರಿಚಯದ ಸಂತೋಷವೇ ಹೆಚ್ಚಾಗಬೇಕು. ಯಂತ್ರವು ‘ಕೆಟ್ಟುಹೋಯಿತು’, ಬೆಳೆಯು ‘ಒಣಗಿಹೋಯಿತು’, ಅಜ್ಜನಿಗೆ ‘ಕಣ್ಣು ಹೋಯಿತು’ ಎನ್ನುವವರು ನಾವೇ. ‘ಕಾಲ ಕೂಡಿಬಂತು’, ‘ದಾರಿಗೆ ಬಂದ’ ಎನ್ನುವವರೂ ನಾವೇ. ಸಾವಿರಾರು ಮೈಲಿಗಳ ಅಂತರದಲ್ಲಿ, ಯಾವ ವಂಶಸಂಬಂಧವೂ ಇಲ್ಲದ ಎರಡು ಭಾಷೆಗಳು, ಹೋಗುವುದರಲ್ಲಿ ನಷ್ಟವನ್ನೂ ಬರುವುದರಲ್ಲಿ ಲಾಭವನ್ನೂ ಕಂಡಿವೆ. ‘ಗೋ ಬ್ಯಾಡ್’ ಎಂಬುದನ್ನು ಕಲಿಸುವ ಉಪಾಧ್ಯಾಯರು ‘ಕೆಟ್ಟುಹೋಗು’ ಎಂಬುದನ್ನು ಒಮ್ಮೆ ನೆನಪಿಸಿದರೆ, ಹಳ್ಳಿಯ ಮಗುವೂ ಆ ಪ್ರಯೋಗವನ್ನು ಮರೆಯಲಾರದು. ಆದರೆ ಇದನ್ನು ಎಲ್ಲ ಕಡೆಗೂ ಅನ್ವಯಿಸುವ ಸೂತ್ರವೆಂದು ತಿಳಿಯಬಾರದು; ಮುಪ್ಪು ಯಾರಿಗೂ ಇಷ್ಟವಲ್ಲದಿದ್ದರೂ ಇಂಗ್ಲಿಷಿನಲ್ಲಿ ‘ಗೋ ಓಲ್ಡ್’ ಎನ್ನುವುದಿಲ್ಲ, ‘ಗೆಟ್ ಓಲ್ಡ್’ ಅಥವಾ ಮೆಲ್ಲಮೆಲ್ಲನೆ ಆಗುವುದನ್ನು ಸೂಚಿಸುವ ‘ಗ್ರೋ ಓಲ್ಡ್’ ಎನ್ನುತ್ತಾರೆ. ನಿದ್ರೆ, ರೋಗ, ಮೌನ ಇವುಗಳಿಗೆ ‘ಫಾಲ್’ ಎಂಬುದು ಒದಗುತ್ತದೆ. ಮುಖದ ಬಣ್ಣ ತಿರುಗುವುದಕ್ಕೆ ‘ಟರ್ನ್’. ಸೂತ್ರಗಳು ಅರ್ಧ ದಾರಿಯವರೆಗೆ ಕೈಹಿಡಿದು ನಡೆಸುತ್ತವೆ. ಉಳಿದ ಅರ್ಧವನ್ನು ಬಳಕೆಯಿಂದಲೇ ಕ್ರಮಿಸಬೇಕು.

ಎಡವುವ ಎರಡನೆಯ ಸ್ಥಳವು ಇನ್ನೂ ಆಳವಾದುದು. ನಿದ್ದೆ ತೂಗುತ್ತಿರುವ ಕನ್ನಡಿಗನು ಇಂಗ್ಲಿಷಿನಲ್ಲಿ ‘ಐ ಆಮ್ ಗೆಟಿಂಗ್ ಸ್ಲೀಪ್’ ಎನ್ನುವುದನ್ನು ಬೆಂಗಳೂರಿನ ಕಚೇರಿಗಳಲ್ಲಿಯೂ ಬಸ್ಸುಗಳಲ್ಲಿಯೂ ಕೇಳದವರು ವಿರಳ. ಆಂಗ್ಲನಾದರೋ ‘ಗೆಟಿಂಗ್ ಸ್ಲೀಪಿ’ ಎನ್ನುವನು. ವ್ಯತ್ಯಾಸವು ಒಂದೇ ಸ್ವರಾಕ್ಷರದ್ದು. ಆದರೆ ಅದರ ಹಿಂದೆ ಎರಡು ಭಾಷೆಗಳ ಸ್ವಭಾವವೇ ಅಡಗಿದೆ. ಕನ್ನಡದಲ್ಲಿ ನಿದ್ದೆ, ಹಸಿವು, ಕೋಪ, ಬೇಸರ, ಭಯ ಇವೆಲ್ಲವೂ ನಾಮಪದಗಳು; ಅವು ಹೊರಗಿನಿಂದ ಬರುವ ಅತಿಥಿಗಳಂತೆ ನಮ್ಮ ಬಳಿಗೆ ಬರುತ್ತವೆ ಅಥವಾ ನಮಗೆ ಆಗುತ್ತವೆ. ‘ನನಗೆ ನಿದ್ದೆ ಬಂತು’, ‘ಅವನಿಗೆ ಕೋಪ ಬಂತು’, ‘ಮಗುವಿಗೆ ಹಸಿವಾಯಿತು’: ಇಲ್ಲಿ ಕರ್ತೃಸ್ಥಾನದಲ್ಲಿರುವುದು ನಿದ್ದೆ, ಕೋಪ, ಹಸಿವುಗಳೇ; ಅನುಭವಿಸುವವನು ಚತುರ್ಥೀ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿರುತ್ತಾನೆ. ಇಂಗ್ಲಿಷಿನಲ್ಲಿ ಅನುಭವಿಸುವವನೇ ಪ್ರಥಮಾ ವಿಭಕ್ತಿಯಲ್ಲಿ ಕರ್ತೃವಾಗಿ ಮುಂದೆ ಬಂದು, ಅನುಭವವು ಅವನ ಗುಣವಾಗಿ ಪರಿಣಮಿಸುತ್ತದೆ: ‘ಗಾಟ್ ಸ್ಲೀಪಿ’, ‘ಗಾಟ್ ಆ್ಯಂಗ್ರಿ’, ‘ಗಾಟ್ ಹಂಗ್ರಿ’. ಕನ್ನಡದ ನಾಮಪದವನ್ನು ಹಾಗೆಯೇ ಎತ್ತಿ ‘ಗೆಟ್’ ಎಂಬುದರ ಮುಂದೆ ಇಟ್ಟರೆ ವಾಕ್ಯ ಸರಿಯಾಗುವುದಿಲ್ಲ; ಅದಕ್ಕೆ ಗುಣವಾಚಕದ ವೇಷವನ್ನು ತೊಡಿಸಬೇಕು. ತಲೆನೋವು, ನೆಗಡಿ ಮುಂತಾದ ಕೆಲವು ವ್ಯಾಧಿಗಳು ಮಾತ್ರ ಇಂಗ್ಲಿಷಿನಲ್ಲಿಯೂ ನಾಮಪದಗಳಾಗಿಯೇ ಉಳಿದು, ‘ಎ’ ಎಂಬ ಆರ್ಟಿಕಲ್ ಅನ್ನು ಮುಂದಿಟ್ಟುಕೊಂಡು ಬರುತ್ತವೆ.

ಈ ಭೇದಕ್ಕೆ ನಮ್ಮ ವ್ಯಾಕರಣವೇ ಸಾಕ್ಷಿ. ಗುಣವಾಚಕವೆಂಬುದು ನಾಮಪದದ ಒಂದು ಪ್ರಭೇದವೆಂದೇ ಕನ್ನಡ ಶಾಲೆಗಳಲ್ಲಿ ಕಲಿತವರೆಲ್ಲರೂ ಓದಿದ್ದೇವೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರತ್ಯೇಕ ಪೀಠವುಂಟು. ಜಗತ್ತಿನ ಭಾಷೆಗಳಲ್ಲಿ ಗುಣವಾಚಕದ ಸ್ಥಾನವೇನೆಂಬ ಪ್ರಶ್ನೆಯನ್ನೇ ವಸ್ತುವಾಗಿಸಿಕೊಂಡು ಕನ್ನಡದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಸ್ವತಂತ್ರ ಗ್ರಂಥವನ್ನು ರಚಿಸಿದರೆಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ‘ಗೆಟಿಂಗ್ ಸ್ಲೀಪ್’ ಎಂಬುದನ್ನು ಅಜ್ಞಾನದ ಫಲವೆಂದು ನಗುವವರು ಇದನ್ನು ಗಮನಿಸಬೇಕು: ಆ ವಾಕ್ಯವು ಕನ್ನಡದ ಒಂದು ಸುಸಂಬದ್ಧವಾದ ನಿಯಮವು ಇಂಗ್ಲಿಷಿನ ಉಡುಗೆಯಲ್ಲಿ ಕಾಣಿಸಿಕೊಂಡ ಪರಿ. ಅದನ್ನು ತಿದ್ದುವುದು ಅಗತ್ಯ. ಆದರೆ ಎರಡು ನಿಯಮಗಳನ್ನೂ ಎದುರೆದುರಾಗಿ ಇರಿಸಿ ತೋರಿಸಿದಾಗ ಮಾತ್ರ ಆ ತಿದ್ದುಪಾಟು ಮನಸ್ಸಿನಲ್ಲಿ ನಿಲ್ಲುತ್ತದೆ.

ನಾಮಪದವೂ ಗುಣವಾಚಕವೂ ಒಟ್ಟಿಗೆ ಬರುವ ಪ್ರಯೋಗಗಳೂ ಉಂಟು. ‘ಗೆಟ್ ದ ಚಿಲ್ಡ್ರನ್ ರೆಡಿ’ ಎಂದರೆ ಮಕ್ಕಳನ್ನು ಸಿದ್ಧಗೊಳಿಸು. ಇಲ್ಲಿ ‘ಆಗು’ ಎಂಬರ್ಥವು ‘ಆಗಿಸು’ ಎಂದಾಗಿದೆ. ಗುಣವಾಚಕದ ಸ್ಥಾನದಲ್ಲಿ ಕೃದಂತವೊಂದು ಬಂದರೆ ‘ಗೆಟ್ ಮೈ ಹೇರ್ ಕಟ್’ ಎಂಬಂತಹ ವಾಕ್ಯವು ಸಿದ್ಧವಾಗುತ್ತದೆ. ಇದಕ್ಕೆ ಸರಿಗಟ್ಟುವ ಕನ್ನಡವು ‘ಕ್ಷೌರ ಮಾಡಿಸಿಕೊಂಡೆ’ ಎಂಬುದು. ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯವು ಇನ್ನೊಬ್ಬನ ಕೈಯನ್ನೂ, ‘ಕೊಳ್ಳು’ ಎಂಬುದು ಫಲವು ತನಗೇ ಸೇರುವುದನ್ನೂ ಎಷ್ಟು ನಿಖರವಾಗಿ ಹೇಳುತ್ತವೆ! ಕನ್ನಡವು ಪ್ರತ್ಯಯಗಳಿಂದ ಸಾಧಿಸುವುದನ್ನು ಇಂಗ್ಲಿಷು ಪದಗಳ ಅನುಕ್ರಮದಿಂದ ಸಾಧಿಸುತ್ತದೆ. ಕೃದಂತವು ‘ಗೆಟ್’ ಎಂಬುದಕ್ಕೆ ನೇರವಾಗಿ ಅಂಟಿಕೊಂಡಾಗ ‘ಗಾಟ್ ಹರ್ಟ್’, ‘ಗಾಟ್ ಕಾಟ್’ ಎಂಬ ಒಂದು ಬಗೆಯ ಕರ್ಮಣಿ ಪ್ರಯೋಗವು ದೊರೆಯುತ್ತದೆ. ಇದು ಶಾಸ್ತ್ರೀಯ ಕರ್ಮಣಿಯಂತೆ ತಟಸ್ಥವಾದುದಲ್ಲ. ಪೆಟ್ಟು ತಿಂದವನ, ಸಿಕ್ಕಿಬಿದ್ದವನ ಪಾಡಿನ ಕಡೆಗೆ ಹೇಳುವವನ ಮನಸ್ಸು ವಾಲಿರುವುದನ್ನು ಅದು ತಿಳಿಸುತ್ತದೆ. ‘ಗೆಟ್’ ಎಂಬುದನ್ನು ಹೊಡೆದುಹಾಕಿದ ಕೆಂಪು ಶಾಯಿಯು ಈ ಅನುಕಂಪದ ಛಾಯೆಯನ್ನೂ ಅಳಿಸಿಹಾಕುತ್ತದೆ.

ಇಷ್ಟೊಂದು ಹೊರೆಯನ್ನು ಹೊರುವ ಪದವನ್ನು ಸುಲಭವೆಂದು ಎಣಿಸಿದವರಲ್ಲಿ ಸಿ. ಕೆ. ಆಗ್ಡನ್ ಪ್ರಮುಖರು. 1930ರಲ್ಲಿ ಅವರು ‘ಬೇಸಿಕ್ ಇಂಗ್ಲಿಷ್’ ಎಂಬ ಸಂಕ್ಷಿಪ್ತ ಭಾಷೆಯನ್ನು ಲೋಕದ ಮುಂದಿಟ್ಟರು; ಒಟ್ಟು ಪದಗಳು 850, ಅವುಗಳಲ್ಲಿ ಕ್ರಿಯಾಪದಗಳು ಕೇವಲ 18. ಸಾವಿರಾರು ಕ್ರಿಯಾಪದಗಳ ಕೆಲಸವನ್ನು ‘ಗೆಟ್’, ‘ಗೋ’, ‘ಕಮ್’, ‘ಟೇಕ್’ ಮುಂತಾದ ಕೆಲವೇ ಪದಗಳು ಇತರ ಪದಗಳೊಡನೆ ಕೂಡಿ ಮಾಡಬಲ್ಲವೆಂಬುದು ಅವರ ವಾದ. ಆ ವಾದದಲ್ಲಿ ಸತ್ಯವಿದೆ. ಆದರೆ ಪದವು ಒಂದೆಂದು ಲೆಕ್ಕ ಹಿಡಿದವರು, ಅದರ ಸಂಯೋಗಗಳನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಕಲಿಯುವವನಿಗೆ ಪ್ರತಿಯೊಂದು ಸಂಯೋಗವೂ ಹೊಸ ಪಾಠವೇ. ಈ ಕಾರಣದಿಂದ ಬೇಸಿಕ್ ಇಂಗ್ಲಿಷಿನ ಸರಳತೆ ತೋರಿಕೆಯದೆಂದು ನನ್ನ ಅಭಿಪ್ರಾಯ.

ಸಂಯೋಗಗಳನ್ನೇ ಸಂಗ್ರಹಿಸಬೇಕೆಂದು ಹೊರಟವರು ಬೇರೆ ಕಡೆ ಇದ್ದರು, ಅದೂ ಇಂಗ್ಲೆಂಡಿನಿಂದ ಬಹುದೂರದಲ್ಲಿ. ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆಯನ್ನು ನಡೆಸುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಪದಸಾಹಚರ್ಯಗಳ ಒಂದು ವಿಸ್ತಾರವಾದ ವರದಿಯನ್ನು ಪ್ರಕಟಿಸಿದರು. ಅವರ ಸಹೋದ್ಯೋಗಿ ಎ. ಎಸ್. ಹಾರ್ನ್‌ಬಿ ಮತ್ತಿಬ್ಬರೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ, ಮಹಾಯುದ್ಧದ ನಡುವೆ, ಟೋಕಿಯೋದಲ್ಲಿಯೇ ಅಚ್ಚಾಯಿತು. ಅದನ್ನೇ ಆಕ್ಸ್‌ಫರ್ಡ್ ಮುದ್ರಣಾಲಯವು 1948ರಲ್ಲಿ ಮರುಮುದ್ರಿಸಿತು. ಕರ್ನಾಟಕದ ಎಷ್ಟೋ ಮನೆಗಳ ಪುಸ್ತಕದ ಕಪಾಟಿನಲ್ಲಿ ಇಂದು ಇರುವ ಆಕ್ಸ್‌ಫರ್ಡ್ ಕಲಿಕೆಯ ನಿಘಂಟು ಇದರ ವಂಶದ್ದು. ಜಪಾನೀ ವಿದ್ಯಾರ್ಥಿಗಳ ತಪ್ಪುಗಳನ್ನು ಸಹಾನುಭೂತಿಯಿಂದ ಗಮನಿಸಿದ ಉಪಾಧ್ಯಾಯರಿಂದ ಇಂತಹ ನಿಘಂಟು ಹುಟ್ಟಿತೆಂಬುದು ಆಕಸ್ಮಿಕವಲ್ಲ. ಮಾತೃಭಾಷೆಯಲ್ಲಿ ಪದಗಳ ಸಹವಾಸವು ಉಸಿರಿನಷ್ಟು ಸಹಜವಾದುದರಿಂದ ಅದನ್ನು ಬರೆದಿಡಬೇಕೆಂದು ಯಾರಿಗೂ ತೋಚುವುದಿಲ್ಲ. 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಬಳಿಕ ಲಂಡನ್ನಿನಲ್ಲಿ ಭಾಷಾವಿಜ್ಞಾನದ ಪೀಠವನ್ನು ಅಲಂಕರಿಸಿದ ಜೆ. ಆರ್. ಫರ್ತ್, 1950ರ ದಶಕದಲ್ಲಿ ಈ ಸಾಹಚರ್ಯವನ್ನೇ ಅರ್ಥಸಿದ್ಧಾಂತದ ಒಂದು ಸ್ತಂಭವನ್ನಾಗಿ ನಿಲ್ಲಿಸಿದರು. ಅವರ ಪರಂಪರೆಯ ಜಾನ್ ಸಿಂಕ್ಲೇರ್ ಬರ್ಮಿಂಗ್‌ಹ್ಯಾಮಿನಲ್ಲಿ ಕಂಪ್ಯೂಟರಿನಲ್ಲಿ ಕೂಡಿಹಾಕಿದ ಅಪಾರವಾದ ಬರಹ ಮತ್ತು ಮಾತುಗಳ ರಾಶಿಯನ್ನು ಶೋಧಿಸಿ, 1987ರಲ್ಲಿ ಕೋಬಿಲ್ಡ್ ನಿಘಂಟನ್ನು ಹೊರತಂದಾಗ, ಪದದ ಅರ್ಥವನ್ನು ಬಿಡಿಯಾಗಿ ಕೊಡದೆ ಪೂರ್ಣ ವಾಕ್ಯದಲ್ಲಿಯೇ ಕೊಡುವ ಪದ್ಧತಿಯನ್ನು ಅನುಸರಿಸಿದರು. ‘ಗೋ’, ‘ಟೇಕ್’ ಮೊದಲಾದ ಅತಿ ಸಾಮಾನ್ಯ ಕ್ರಿಯಾಪದಗಳು ಸ್ವಂತದ ಅರ್ಥವನ್ನು ಬಹುಪಾಲು ಬಿಟ್ಟುಕೊಟ್ಟು ಸಂಗಾತಿಯ ಅರ್ಥವನ್ನೇ ಹೊರುತ್ತವೆಂಬುದು ಆ ಶೋಧದಿಂದ ಮತ್ತಷ್ಟು ದೃಢವಾಯಿತು.

ಅಮೆರಿಕದವರ ಒಂದು ಪ್ರಯೋಗವನ್ನು ಇಲ್ಲಿ ಸೇರಿಸಬೇಕು, ಏಕೆಂದರೆ ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಬೇಸಿಗೆಯ ರಜೆಗೆ ಊರಿಗೆ ಬಂದಾಗ ಅಜ್ಜ ಅಜ್ಜಿಯರು ಇದನ್ನು ಕೇಳಿ ತಪ್ಪೆಂದು ತಿಳಿಯುವುದುಂಟು. ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಬಿಟ್ಟುಹೋದ ‘ಗಾಟನ್’ ಎಂಬ ಹಳೆಯ ಕೃದಂತವನ್ನು ಅಮೆರಿಕದವರು ಉಳಿಸಿಕೊಂಡಿದ್ದಾರೆ. ಅಷ್ಟೇ ಅಲ್ಲ, ಇರುವುದನ್ನು ಹೇಳಲು ‘ಗಾಟ್’, ಹೊಸದಾಗಿ ಒದಗಿದುದನ್ನೂ ಆದುದನ್ನೂ ಹೇಳಲು ‘ಗಾಟನ್’ ಎಂಬ ಸೂಕ್ಷ್ಮ ವಿವೇಚನೆಯನ್ನೂ ಮಾಡುತ್ತಾರೆ. ಆ ಮಕ್ಕಳ ಮಾತು ಶುದ್ಧವಾಗಿಯೇ ಇದೆ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಪ್ರಬಂಧದಲ್ಲಿ ‘ಗೆಟ್’ ಕಂಡೊಡನೆ ಅದನ್ನು ಹೊಡೆದುಹಾಕಬೇಡಿರಿ. ಮೊದಲು ಅದರ ಪಕ್ಕದಲ್ಲಿರುವ ಪದವನ್ನು ನೋಡಿ, ಜೋಡಿಯು ಸರಿಯಾಗಿದ್ದರೆ ಹಾಗೆಯೇ ಬಿಡಿರಿ, ತಪ್ಪಾಗಿದ್ದರೆ ಜೋಡಿಯನ್ನೇ ತಿದ್ದಿರಿ. ಪದಗಳ ಪಟ್ಟಿಯನ್ನು ಬರೆಯಿಸುವಾಗ ‘ಗೆಟ್: ಪಡೆ’ ಎಂಬ ಒಂದು ಸಾಲಿಗೆ ಬದಲಾಗಿ ‘ಗೆಟ್ ವೆಟ್’, ‘ಗೆಟ್ ಎ ಲೆಟರ್’, ‘ಗೆಟ್ ದ ಚಿಲ್ಡ್ರನ್ ರೆಡಿ’ ಎಂಬಂತೆ ಜೋಡಿಗಳನ್ನೇ ಬರೆಯಿಸಿ, ಪ್ರತಿಯೊಂದರ ಎದುರಿಗೂ ಮಕ್ಕಳು ಮನೆಯಲ್ಲಿ ಆಡುವ ಕನ್ನಡವನ್ನು ಅವರಿಂದಲೇ ಹೇಳಿಸಿರಿ. ನಿಘಂಟನ್ನು ಕೊಳ್ಳುವ ತಂದೆತಾಯಿಗಳೂ ಪದಗಳ ಸಂಖ್ಯೆಯನ್ನು ನೋಡಿ ಮರುಳಾಗದೆ, ಅಂಗಡಿಯಲ್ಲಿಯೇ ಈ ಒಂದು ಪದದ ಪುಟವನ್ನು ತೆರೆದು, ಅಲ್ಲಿ ಉದಾಹರಣೆಯ ವಾಕ್ಯಗಳು ಧಾರಾಳವಾಗಿ ಇವೆಯೇ ಎಂದು ಪರೀಕ್ಷಿಸಿ ಕೊಳ್ಳಲಿ.